ಸೈಕಲ್ಲಿಗೆ ಗಾಡಿ ಗುದ್ದಿದ ಮೇಲೆ: ಯಾವ ದಾರಿ ಹಿಡಿದರೆ ಯಾವ ಬಾಗಿಲು ಮುಚ್ಚುತ್ತದೆ

ಚಿಕ್ಕಬಳ್ಳಾಪುರದ ನ್ಯಾಯಾಲಯದಿಂದ ಕೂಗಳತೆ ದೂರದಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ವಕೀಲರ ಗುಮಾಸ್ತರು ಬಂದು ಕೂರುವ ಒಂದು ಬೆಂಚು. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು ಡಿಕ್ಕಿ ಹೊಡೆಸಿದ ಪರಿಣಾಮ’ ಎಂಬ ಸಾಲನ್ನು ಇಪ್ಪತ್ತು ವರ್ಷಗಳಲ್ಲಿ ಎಷ್ಟು ಸಲ ಟೈಪು ಮಾಡಿದ್ದೇನೋ ಲೆಕ್ಕವಿಲ್ಲ. ನನ್ನ ಬೆರಳುಗಳಿಗೆ ಅದು ಬಾಯಿಪಾಠ. ಒಂದು ಮುಂಜಾನೆ ನಾನೇ ಆ ಸಾಲಿನ ಕರ್ಮಪದವಾದೆ.

ನಂದಿ ರಸ್ತೆಯಲ್ಲಿ ಎಡಬದಿಗೇ ಸೈಕಲ್ ತುಳಿಯುತ್ತಿದ್ದೆ. ಹಿಂದಿನಿಂದ ಬಂದ ಗೂಡ್ಸ್ ಟೆಂಪೋ, ಹೂಕೋಸಿನ ಮೂಟೆಗಳು ಬದಿಯಿಂದ ಹೊರಚಾಚಿಕೊಂಡಿದ್ದವು, ಹ್ಯಾಂಡಲ್ಲಿಗೆ ತಗುಲಿತು. ಬಲಗೈ ಊರಿಕೊಂಡು ಬಿದ್ದೆ. ಮಣಿಕಟ್ಟು ಚಮಚದ ಹಿಡಿಯಂತೆ ಬಾಗಿದ್ದನ್ನು ನೋಡಿದಾಗ ನೋವಿಗಿಂತ ಮೊದಲು ಬಂದದ್ದು ಅಂಗಡಿಯ ಯೋಚನೆ. ಚಾಲಕ ಇಳಿದು ಬಂದ. ಇಪ್ಪತ್ತೈದರ ಹುಡುಗ. ‘ಅಣ್ಣಾ, ಸ್ಟೇಷನ್ನು ಬೇಡ ಅಣ್ಣಾ, ಆಸ್ಪತ್ರೆ ಖರ್ಚು ನಾನೇ ಕೊಡುತ್ತೇನೆ’ ಎಂದು ರಬ್ಬರ್ ಬ್ಯಾಂಡ್ ಸುತ್ತಿದ ನೋಟುಗಳನ್ನು ಜೇಬಿನಿಂದ ತೆಗೆದ. ಐದು ಸಾವಿರ. ಸುತ್ತ ನಿಂತವರಲ್ಲಿ ಅರ್ಧ ಜನ ‘ಪಾಪ, ಬಡವ, ಇಸಿದುಕೊಂಡು ಬಿಟ್ಟುಬಿಡಿ’ ಎಂದರು. ಪಕ್ಕದ ಟೀ ಅಂಗಡಿಯ ಅಕ್ಕ ಮಾತ್ರ ಏನೂ ಹೇಳದೆ, ಸಾಲದ ಲೆಕ್ಕ ಬರೆಯುವ ಹಲಗೆಯ ಮೇಲೆ ಸೀಮೆಸುಣ್ಣದಿಂದ ಗಾಡಿಯ ನಂಬರ್ ಬರೆದಿಟ್ಟರು.

ಆಮೇಲೆ ನನ್ನ ಮುಂದೆ ಇದ್ದ ದಾರಿಗಳನ್ನು ಇಲ್ಲಿ ಒಂದಕ್ಕೊಂದು ಹೋಲಿಸಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ವಕೀಲರು ಹೇಳಿದ್ದನ್ನು ಟೈಪು ಮಾಡುವವನು, ಒಮ್ಮೆ ಅರ್ಜಿದಾರನೂ ಆದವನು. ಎಲ್ಲರೂ ಕೇಳುವುದು ‘ಎಷ್ಟು ಸಿಗುತ್ತದೆ?’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ‘ಇದನ್ನು ಒಪ್ಪಿದರೆ ಇನ್ಯಾವುದು ತಪ್ಪಿಹೋಗುತ್ತದೆ?’ ಎಂದು. ಕೆಲವು ದಾರಿಗಳು ಒಂದರ ಪಕ್ಕ ಒಂದು ನಡೆಯುತ್ತವೆ. ಕೆಲವು, ಕಾಲಿಟ್ಟ ಕೂಡಲೇ ಹಿಂದಿನ ಬಾಗಿಲಿಗೆ ಬೀಗ ಹಾಕುತ್ತವೆ.

‘ಸೈಕಲ್ಲಿನಿಂದ ಬಿದ್ದೆ’ ಎಂಬ ಎರಡು ಪದ

ದಾರಿ ಆರಿಸುವ ಮೊದಲೇ, ಆಸ್ಪತ್ರೆಯ ಮೇಜಿನ ಮುಂದೆ, ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಕರ್ತವ್ಯದಲ್ಲಿರುವ ವೈದ್ಯರು ‘ಹೇಗಾಯಿತು?’ ಎಂದು ಕೇಳುತ್ತಾರೆ. ಆ ಹುಡುಗ ನನ್ನ ಹಿಂದೆಯೇ ನಿಂತು ಕಿವಿಯಲ್ಲಿ ‘ಬಿದ್ದೆ ಅಂತ ಹೇಳಿ ಅಣ್ಣಾ, ಇಲ್ಲದಿದ್ದರೆ ಪೊಲೀಸರಿಗೆ ಹೋಗುತ್ತದೆ’ ಎಂದ. ಅವನು ಹೇಳಿದ್ದು ಸುಳ್ಳಲ್ಲ. ‘ಗಾಡಿ ಗುದ್ದಿತು’ ಎಂದರೆ ಅದನ್ನು ಎಂ.ಎಲ್.ಸಿ., ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ, ಎಂದು ದಾಖಲಿಸಿ ಠಾಣೆಗೆ ತಿಳಿಸುತ್ತಾರೆ. ‘ಸೈಕಲ್ಲಿನಿಂದ ಬಿದ್ದೆ’ ಎಂದರೆ ಅಷ್ಟಕ್ಕೇ ಮುಗಿಯಿತು. ಆದರೆ ಆ ಎರಡು ಪದ ಕೇಸ್ ಶೀಟಿನಲ್ಲಿ ಉಳಿಯುತ್ತವೆ. ವರ್ಷದ ನಂತರ ವಿಮಾ ಕಂಪನಿಯ ವಕೀಲರು ಅದೇ ಹಾಳೆಯನ್ನು ತರಿಸಿ, ಪಾಟಿ ಸವಾಲಿನಲ್ಲಿ ನಿಮ್ಮ ಮುಂದೆ ಹಿಡಿಯುತ್ತಾರೆ. ಒಳ್ಳೆಯ ಮನಸ್ಸಿನಿಂದ ಹೇಳಿದ ಸುಳ್ಳಿನಿಂದ ಕೇಸು ಕಳೆದುಕೊಂಡವರ ಅರ್ಜಿಗಳನ್ನು ನಾನೇ ಟೈಪು ಮಾಡಿದ್ದೇನೆ.

ಹಾಗಾಗಿ ನಾನು ಇದ್ದದ್ದನ್ನೇ ಹೇಳಿದೆ. ಮರುದಿನ ತಮ್ಮನನ್ನು ಠಾಣೆಗೆ ಕಳಿಸಿ ದೂರು ಕೊಡಿಸಿದೆ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಆಸ್ಪತ್ರೆಯ ಓಡಾಟದಲ್ಲಿ ಒಂದೆರಡು ದಿನ ತಡವಾದರೆ ಅದೇ ಕಾರಣಕ್ಕೆ ಕೇಸು ಬಿದ್ದುಹೋಗುವುದಿಲ್ಲ, ಸುಪ್ರೀಂ ಕೋರ್ಟ್ ಇದನ್ನು ಹಿಂದೆಯೇ ಹೇಳಿದೆ. ಆದರೆ ತಡವಾದದ್ದೇಕೆ ಎಂದು ದೂರಿನಲ್ಲೇ ಒಂದು ಸಾಲು ಬರೆಸಿ.

ಸ್ಥಳದಲ್ಲೇ ರಾಜಿ

ರಾಜಿಯನ್ನು ಹೀನವಾಗಿ ಕಾಣುವವನು ನಾನಲ್ಲ. ಮೊಣಕೈ ತರಚಿ, ಸೈಕಲ್ಲಿನ ರಿಮ್ಮು ಬಾಗಿ, ಒಂದು ಟಿ.ಟಿ. ಇಂಜೆಕ್ಷನ್ನಿಗೆ ಮುಗಿಯುವ ಗಾಯವಾದರೆ ರಿಮ್ಮಿನ ಬೆಲೆ, ಔಷಧಿಯ ಬೆಲೆ, ಎರಡು ದಿನದ ಕೂಲಿ ಇಸಿದುಕೊಂಡು ಮನೆಗೆ ಹೋಗುವುದೇ ವಿವೇಕ. ಮುಂದೆ ಹೇಳುವ ನಿಗದಿತ ಮೊತ್ತಗಳು ಅಂಥ ಸಣ್ಣ ಗಾಯಕ್ಕೆ ಸಿಗುವುದೂ ಇಲ್ಲ. ಅಪಘಾತ ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿಗೆ ಹೋಗಬಹುದು, ಆದರೆ ಸಿಗುವ ಸಾವಿರಗಳಿಗಿಂತ ಓಡಾಟವೇ ಹೆಚ್ಚಾಗುತ್ತದೆ.

ಎಲುಬು ಮುರಿದಿದ್ದರೆ ಮಾತು ಬೇರೆ. ಮುರಿದ ಎಲುಬಿನ ಖರ್ಚು ಎಷ್ಟೆಂದು ಆ ದಿನ ವೈದ್ಯರಿಗೂ ಗೊತ್ತಿರುವುದಿಲ್ಲ. ನನ್ನ ಮಣಿಕಟ್ಟಿಗೆ ಮೊದಲು ಬರೀ ಪಟ್ಟಿ ಸಾಕು ಎಂದರು. ಹತ್ತು ದಿನದ ಮೇಲೆ ಎಕ್ಸ್‌ರೇ ನೋಡಿ, ಎಲುಬು ಜಾರಿದೆ, ಪ್ಲೇಟು ಹಾಕಬೇಕು ಎಂದರು. ಐದು ಸಾವಿರ ಇಸಿದುಕೊಂಡಿದ್ದರೆ ಆ ಹುಡುಗನ ಮನೆ ಹುಡುಕಿಕೊಂಡು ಮತ್ತೆ ಹೋಗಬೇಕಿತ್ತು. ರಾಜಿಯವರು ಸಾಮಾನ್ಯವಾಗಿ ಒಂದು ಇ-ಸ್ಟಾಂಪ್ ಕಾಗದದ ಮೇಲೆ ‘ನನಗೆ ಯಾವುದೇ ತಕರಾರು ಇರುವುದಿಲ್ಲ, ಮುಂದೆ ಯಾವುದೇ ಪರಿಹಾರ ಕೇಳುವುದಿಲ್ಲ’ ಎಂದು ಬರೆಸಿಕೊಳ್ಳುತ್ತಾರೆ. ಅಂಥದ್ದನ್ನೂ ನಾನು ಟೈಪು ಮಾಡಿದ್ದೇನೆ, ಪುಟಕ್ಕೆ ಇಷ್ಟು ಎಂದು ಹಣ ತೆಗೆದುಕೊಂಡೇ. ಆ ಕಾಗದಕ್ಕಿಂತಲೂ ದೊಡ್ಡ ತೊಂದರೆ, ದೂರು ಇಲ್ಲ, ಪೊಲೀಸರು ಸ್ಥಳ ನೋಡಿ ಬರೆಯುವ ಮಹಜರು ಇಲ್ಲ, ಗಾಯದ ಪ್ರಮಾಣಪತ್ರ ಇಲ್ಲ ಎಂಬುದು. ಒಂದು ರಾಜಿ ಉಳಿದೆಲ್ಲ ಬಾಗಿಲುಗಳನ್ನು ಒಟ್ಟಿಗೇ ಮುಚ್ಚುತ್ತದೆ.

ಇನ್ನೊಂದು ವಿಷಯ. ಪರಿಹಾರ ಚಾಲಕನ ಜೇಬಿನಿಂದಲೇ ಬರಬೇಕೆಂದು ನಮ್ಮ ಜನ ತಿಳಿದಿದ್ದಾರೆ, ಆದ್ದರಿಂದಲೇ ‘ಪಾಪ, ಬಡವ’ ಎಂಬ ಮಾತು ಬರುತ್ತದೆ. ರಸ್ತೆಗಿಳಿಯುವ ಪ್ರತಿ ಮೋಟಾರು ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ವಿಮೆ ಮಾಡಿಸಿದವನೂ ಅಲ್ಲದ, ವಿಮಾ ಕಂಪನಿಯೂ ಅಲ್ಲದ ಮೂರನೆಯವನು, ಅಂದರೆ ಸೈಕಲ್ ಸವಾರ, ಆ ‘ಥರ್ಡ್ ಪಾರ್ಟಿ’. ಅವನ ಸೈಕಲ್ಲಿಗೆ ವಿಮೆ, ಲೈಸೆನ್ಸು ಯಾವುದೂ ಬೇಕಿಲ್ಲ. ಕೇಸು ನಡೆದರೆ ಹಣ ಕೊಡುವುದು ವಿಮಾ ಕಂಪನಿ, ಆ ಹುಡುಗ ಮ್ಯಾಜಿಸ್ಟ್ರೇಟರ ಮುಂದೆ ಕಟ್ಟುವುದು ದಂಡ. ಆ ದಂಡ ಸಾಮಾನ್ಯವಾಗಿ ಸರ್ಕಾರಕ್ಕೆ ಹೋಗುತ್ತದೆಯೇ ಹೊರತು ನಿಮಗಲ್ಲ. ಕ್ರಿಮಿನಲ್ ಕೇಸಿನಿಂದ ಪರಿಹಾರ ಬರುತ್ತದೆಂದು ಕಾದು ಕೂತವರಿದ್ದಾರೆ, ಅದಕ್ಕಾಗಿ ಇಷ್ಟು ಹೇಳಿದೆ.

ಎರಡೂವರೆ ಲಕ್ಷವೋ, ಎಂ.ವಿ.ಸಿ. ಕೇಸೋ

ತೂಗಿ ನೋಡಬೇಕಾದ ಜಾಗ ಇದು. ಗಾಡಿ ಗೊತ್ತಿದೆ, ವಿಮೆ ಇದೆ, ಗಾಯ ತೀವ್ರವಾಗಿದೆ ಎಂದಾದರೆ ಮೋಟಾರು ವಾಹನ ಕಾಯ್ದೆಯಲ್ಲಿ ಎರಡು ದಾರಿಗಳಿವೆ.

ಒಂದು 164ನೇ ಕಲಂ. ತಪ್ಪು ಯಾರದೆಂದು ನೀವು ಸಾಬೀತು ಮಾಡಬೇಕಿಲ್ಲ. ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ, ಸಾವಿಗೆ 5 ಲಕ್ಷ. ಅಷ್ಟೇ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ತೀವ್ರ ಗಾಯ ಯಾವುದು ಎಂಬುದಕ್ಕೆ ಅಪರಾಧ ಸಂಹಿತೆಯಲ್ಲೇ ಪಟ್ಟಿ ಇದೆ. ಎಲುಬು ಅಥವಾ ಹಲ್ಲು ಮುರಿದರೆ ಸಾಕು. ಮುರಿಯದಿದ್ದರೂ ಹದಿನೈದು ದಿನ ತೀವ್ರ ನೋವಿನಲ್ಲಿದ್ದರೆ ಅಥವಾ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದೂ ತೀವ್ರ ಗಾಯವೇ. ಹಳೆಯ ದಂಡ ಸಂಹಿತೆಯಲ್ಲಿ ಇದು ಇಪ್ಪತ್ತು ದಿನವಿತ್ತು, ಭಾರತೀಯ ನ್ಯಾಯ ಸಂಹಿತೆಯಲ್ಲಿ ಹದಿನೈದಾಗಿದೆ.

ಎರಡನೆಯದು 166ನೇ ಕಲಂ. ನಮ್ಮಲ್ಲಿ ‘ಎಂ.ವಿ.ಸಿ. ಹಾಕುವುದು’, ಅಂದರೆ ಮೋಟಾರು ವಾಹನ ಕೇಸು ಹಾಕುವುದು, ಎಂದರೆ ಇದೇ. ಚಾಲಕನ ಅಜಾಗರೂಕತೆಯನ್ನು ನೀವು ತೋರಿಸಬೇಕು. ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಪುರಾವೆ ಬೇಕಿಲ್ಲ. ದೋಷಾರೋಪ ಪಟ್ಟಿ, ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ನಿಮ್ಮ ಸಾಕ್ಷ್ಯ, ಇಷ್ಟಿದ್ದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಮೊತ್ತಕ್ಕೆ ಮೇಲ್ಮಿತಿ ಇಲ್ಲ. ಆಸ್ಪತ್ರೆ ಖರ್ಚು, ನೋವು, ಕೆಲಸಕ್ಕೆ ಹೋಗಲಾಗದ ತಿಂಗಳುಗಳ ಆದಾಯ, ಮುಂದೆ ಪ್ಲೇಟು ತೆಗೆಸುವ ಶಸ್ತ್ರಚಿಕಿತ್ಸೆ, ಜೀವನಪರ್ಯಂತ ಉಳಿಯುವ ನ್ಯೂನತೆ, ಎಲ್ಲವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕುತ್ತಾರೆ. ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಸೇರುತ್ತದೆ.

ಹಾಗಾದರೆ ಎಲ್ಲರೂ 166ಕ್ಕೇ ಹೋಗಬೇಕಲ್ಲವೇ? ಅಲ್ಲ. ಲೆಕ್ಕ ಹಾಕಿ ನೋಡಿ.

ನ್ಯೂನತೆಯ ಲೆಕ್ಕ ಹೀಗಿರುತ್ತದೆ: ತಿಂಗಳ ಆದಾಯ, ಅದಕ್ಕೆ ಹನ್ನೆರಡು, ಅದಕ್ಕೆ ವಯಸ್ಸಿನ ಗುಣಕ, ಅದರಲ್ಲಿ ನ್ಯೂನತೆಯ ಶೇಕಡಾವಾರು. ಗುಣಕದ ಪಟ್ಟಿಯನ್ನು ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ನಿಗದಿ ಮಾಡಿತು. ಇಪ್ಪತ್ತೈದರವರೆಗೆ 18, ಮೂವತ್ತಾರರಿಂದ ನಲವತ್ತಕ್ಕೆ 15, ನಲವತ್ತೊಂದರಿಂದ ನಲವತ್ತೈದಕ್ಕೆ 14, ಹೀಗೆ ಇಳಿಯುತ್ತಾ ಅರವತ್ತೈದು ದಾಟಿದವರಿಗೆ 5. ನನಗೆ ನಲವತ್ತೆರಡು. ತಿಂಗಳಿಗೆ ಹದಿನೈದು ಸಾವಿರ ಎಂದು ಹಿಡಿಯೋಣ. ವೈದ್ಯರು ಬಲಗೈಗೆ ಶೇ 27 ನ್ಯೂನತೆ ಎಂದರು. ಒಂದು ಅಂಗದ ನ್ಯೂನತೆಯನ್ನು ಇಡೀ ದೇಹಕ್ಕೆ ಇಳಿಸುವಾಗ ನಮ್ಮ ನ್ಯಾಯಮಂಡಳಿಗಳು ಸಾಮಾನ್ಯವಾಗಿ ಮೂರನೇ ಒಂದು ಭಾಗ ಹಿಡಿಯುತ್ತವೆ, ಅಂದರೆ ಶೇ 9. ಗುಣಿಸಿದರೆ 2,26,800 ರೂಪಾಯಿ. ಇದು ಆ ಒಂದು ಬಾಬತ್ತಿಗೆ ಮಾತ್ರ. ಪ್ಲೇಟಿನ ಶಸ್ತ್ರಚಿಕಿತ್ಸೆ, ಅಂಗಡಿ ಮುಚ್ಚಿದ ಮೂರು ತಿಂಗಳು, ನೋವು ಇವೆಲ್ಲ ಅದರ ಮೇಲೆ. 2.5 ಲಕ್ಷವನ್ನು ನನ್ನ ಕೇಸು ಸುಲಭವಾಗಿ ದಾಟುತ್ತಿತ್ತು. ನಾನು 166 ಹಿಡಿದೆ.

ಇನ್ನು ನಮ್ಮ ಬೀದಿಗೆ ಸೈಕಲ್ಲಿನಲ್ಲಿ ಹೂವು ತರುವ ತಾತನ ವಿಷಯ ನೋಡಿ. ವಯಸ್ಸು ಅರವತ್ತೇಳು. ತಿಂಗಳಿಗೆ ಹತ್ತು ಸಾವಿರ, ನ್ಯೂನತೆ ಶೇ 10 ಎಂದೇ ಇಟ್ಟುಕೊಂಡರೂ ಗುಣಕ 5, ಆದ್ದರಿಂದ ಅರವತ್ತು ಸಾವಿರ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿದ್ದರೆ ಬಿಲ್ಲುಗಳೂ ಹೆಚ್ಚಿರುವುದಿಲ್ಲ. ಅವರಿಗೆ 2.5 ಲಕ್ಷದ ದಾರಿಯೇ ಸರಿ. ತಿರುವಿನಲ್ಲಿ ಕೈ ತೋರಿಸದೆ ತಿರುಗಿದ, ಎದುರು ದಿಕ್ಕಿನಲ್ಲಿ ಬಂದ ಸವಾರನಿಗೂ ಅದೇ ದಾರಿ. 166ರಲ್ಲಿ ಸವಾರನ ತಪ್ಪಿನ ಪಾಲನ್ನು ಶೇಕಡಾವಾರು ಕಳೆಯುತ್ತಾರೆ, 164ರಲ್ಲಿ ಆ ತಕರಾರಿಗೆ ಆಸ್ಪದವಿಲ್ಲ.

ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳಿಗೆ ಸಂಪಾದನೆ ಇಲ್ಲವಲ್ಲ, ಅವರಿಗೆ ಏನು ಲೆಕ್ಕ ಎಂದು ಕೇಳುತ್ತಾರೆ. ಕರ್ನಾಟಕದಿಂದಲೇ ಹೋದ ಮಲ್ಲಿಕಾರ್ಜುನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಮಕ್ಕಳಿಗೆ ಒಂದು ಅಳತೆ ಕೊಟ್ಟಿದೆ. ನ್ಯೂನತೆ ಶೇ 10ರವರೆಗೆ ಒಂದು ಲಕ್ಷ, ಶೇ 10ರಿಂದ 30ಕ್ಕೆ ಮೂರು ಲಕ್ಷ, 30ರಿಂದ 60ಕ್ಕೆ ನಾಲ್ಕು, ಹೀಗೆ ಏರುತ್ತದೆ. ಚಿಕಿತ್ಸೆಯ ನಿಜ ಖರ್ಚು ಬೇರೆ. ಎಲುಬು ಸರಿಯಾಗಿ ಕೂಡಿಕೊಂಡ ಮಗುವಿಗೆ 164, ಕುಂಟು ಉಳಿದ ಮಗುವಿಗೆ 166 ಎಂಬುದು ನನ್ನ ಅಂದಾಜು. ಮಗುವಿನ ಹಣವನ್ನು ಹದಿನೆಂಟು ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ. ತಂದೆತಾಯಿ ಇದಕ್ಕೆ ಮುನಿಸಿಕೊಳ್ಳುವುದನ್ನು ನೋಡಿದ್ದೇನೆ.

ನ್ಯೂನತೆಯ ವಿಷಯದಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ವೈದ್ಯರು ಅಳೆಯುವುದು ದೇಹವನ್ನು, ನ್ಯಾಯಮಂಡಳಿ ಅಳೆಯಬೇಕಾದದ್ದು ಸಂಪಾದನೆಯ ಶಕ್ತಿಯನ್ನು. 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಉದಾಹರಣೆ ಸಮೇತ ಹೇಳಿದೆ. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ಸಂಪಾದನೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ, ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸ ಉಳಿಯಬಹುದು. ಶಿಡ್ಲಘಟ್ಟದಲ್ಲಿ ಬಿಸಿನೀರಿನ ಬಟ್ಟಲಿನಿಂದ ರೇಷ್ಮೆ ಎಳೆ ಹಿಡಿದೆತ್ತುವ ಹೆಂಗಸಿನ ಎರಡು ಬೆರಳು ಮಡಚದಿದ್ದರೆ ಅದು ಎಷ್ಟು ಶೇಕಡಾ? ವೈದ್ಯಕೀಯ ಪಟ್ಟಿಯಲ್ಲಿ ಅಲ್ಪ, ಅವಳ ಕೂಲಿಯಲ್ಲಿ ಬಹಳ. ಅದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯದಿದ್ದರೆ ನ್ಯಾಯಾಧೀಶರು ಊಹಿಸಿಕೊಳ್ಳಲಾರರು. ನನ್ನ ಅರ್ಜಿಯಲ್ಲಿ ‘ಟೈಪಿಸ್ಟ್’ ಎಂದು ಮಾತ್ರ ಬರೆದಿದ್ದ ವಕೀಲರ ಕರಡಿಗೆ ನಾನೇ ಎಡಗೈಯಿಂದ ಒಂದು ಪ್ಯಾರಾ ಸೇರಿಸಿದೆ: ದಿನಕ್ಕೆ ಎಷ್ಟು ಪುಟ ಹೊಡೆಯುತ್ತಿದ್ದೆ, ಈಗ ಎಷ್ಟಾಗುತ್ತದೆ. ಎರಡೂ ಅವಧಿಯ ಬಿಲ್ ಪುಸ್ತಕಗಳನ್ನು ಇಟ್ಟೆ.

ಆದಾಯದ ದಾಖಲೆ ಇಲ್ಲದಿದ್ದರೆ ಅಪಘಾತವಾದ ವರ್ಷಕ್ಕೆ ತಕ್ಕಂತೆ ಕಾಲ್ಪನಿಕ ಆದಾಯ ಹಿಡಿಯುತ್ತಾರೆ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ, ರಾಜಿಯಿಂದ ಕೇಸು ಮುಗಿಸುವ ಲೋಕ ಅದಾಲತ್‌ಗಾಗಿ ಮಾಡಿದ ಪಟ್ಟಿಯನ್ನೇ ಹೈಕೋರ್ಟೂ ಅನುಸರಿಸುವುದುಂಟು. ನಿಮ್ಮ ಸಂಪಾದನೆ ಅದಕ್ಕಿಂತ ಹೆಚ್ಚಾಗಿದ್ದರೆ ಕಾಗದ ತೋರಿಸಬೇಕು. ಹಾಲು ಹಾಕುವವರಿಗೆ ಡೇರಿಯ ಪಾಸ್‌ಬುಕ್, ರೇಷ್ಮೆಯವರಿಗೆ ಗೂಡಿನ ಮಾರುಕಟ್ಟೆಯ ಚೀಟಿ, ಅಂಗಡಿಯವರಿಗೆ ಕ್ಯೂಆರ್ ಕೋಡಿಗೆ ಬಿದ್ದ ಹಣದ ಬ್ಯಾಂಕ್ ವಿವರ. ನ್ಯೂನತೆಯ ಪ್ರಮಾಣಪತ್ರ ಒಂದನ್ನೇ ಲಗತ್ತಿಸಿದರೆ ಸಾಲದು. ವೈದ್ಯರು ಬಂದು ಸಾಕ್ಷಿ ಹೇಳಬೇಕು, ಚಿಕಿತ್ಸೆ ಕೊಟ್ಟವರೇ ಆದರೆ ಅದರ ತೂಕವೇ ಬೇರೆ.

ಇನ್ನು ಬಾಗಿಲಿನ ಮಾತು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವ್ಯವಸ್ಥೆಯಂತೆ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು. ಆಮೇಲೆ ವಿಮಾ ಕಂಪನಿಯ ನಿಯೋಜಿತ ಅಧಿಕಾರಿ 30 ದಿನದೊಳಗೆ ಇಷ್ಟು ಕೊಡುತ್ತೇವೆ ಎಂದು ಹೇಳಬೇಕು. ಆಗ ಒಂದು ಸೌಮ್ಯವಾದ ಫೋನ್ ಕರೆ ಬರುತ್ತದೆ. ಈ ಕ್ರಮದಲ್ಲಿ 164ರ ಹಣವನ್ನು ನೀವು ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೇ ಅಂತ್ಯವಾಗುತ್ತದೆ, ಕಾಯ್ದೆಯಲ್ಲೇ ಹಾಗೆ ಬರೆದಿದೆ. ‘ಮೊದಲು ಇದನ್ನು ತೆಗೆದುಕೊಳ್ಳಿ ಸರ್, ಉಳಿದದ್ದು ಆಮೇಲೆ ನೋಡೋಣ’ ಎಂದು ಯಾರಾದರೂ ಹೇಳಿದರೆ, ಆ ‘ಆಮೇಲೆ’ ಇರುವುದಿಲ್ಲ.

ತೀರ್ಪಿನವರೆಗೆ ಕಾಯುವುದೋ, ಲೋಕ ಅದಾಲತ್‌ನಲ್ಲಿ ಮುಗಿಸುವುದೋ

ಎಂ.ವಿ.ಸಿ. ಹಾಕಿದವರಿಗೆ ಮಧ್ಯದಲ್ಲಿ ಬರುವ ಕವಲು ಇದು. ತೀರ್ಪಿಗೆ ಹೋದರೆ ವಾಯಿದೆಗಳು, ವೈದ್ಯರ ಸಾಕ್ಷಿಗೆ ಕಾಯುವುದು, ಗೆದ್ದ ಮೇಲೂ ಕಂಪನಿ ಹೈಕೋರ್ಟಿಗೆ ಹೋಗುವ ಸಾಧ್ಯತೆ. ಮೇಲ್ಮನವಿಗೆ 90 ದಿನ ಅವಕಾಶವಿದೆ. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಯೇ ಇಲ್ಲ. ಲೋಕ ಅದಾಲತ್‌ನಲ್ಲಿ ಒಂದೇ ದಿನಕ್ಕೆ ಮುಗಿಯುತ್ತದೆ. ಅಲ್ಲಿನ ಆದೇಶಕ್ಕೆ ಡಿಕ್ರಿಯ, ಅಂದರೆ ನ್ಯಾಯಾಲಯದ ತೀರ್ಪಿನ, ಬಲವಿದೆ, ಅದರ ಮೇಲೆ ಯಾರೂ ಅಪೀಲು ಹೋಗುವಂತಿಲ್ಲ. ಕಂಪನಿಯೂ ಹೋಗುವಂತಿಲ್ಲ, ನೀವೂ ಹೋಗುವಂತಿಲ್ಲ. ಅದೇ ಅದರ ಗುಣ, ಅದೇ ಅದರ ಬೆಲೆ.

ನನ್ನ ಅಭಿಪ್ರಾಯ ಹೇಳುತ್ತೇನೆ. ವೈದ್ಯರ ಸಾಕ್ಷಿ ಆಗುವ ಮೊದಲು ಅದಾಲತ್‌ಗೆ ಹೋದವರಿಗೆ ಕಂಪನಿಯವರು ಕೈಗೆ ಬಂದ ಸಂಖ್ಯೆ ಹೇಳುತ್ತಾರೆ. ನ್ಯೂನತೆ ದಾಖಲೆಗೆ ಬಂದ ಮೇಲೆ ಅದೇ ಅಧಿಕಾರಿ ಕ್ಯಾಲ್ಕುಲೇಟರ್ ತೆಗೆಯುತ್ತಾರೆ. ನಾನು ಒಂದು ಅದಾಲತ್‌ನಲ್ಲಿ ಬೇಡವೆಂದು ಎದ್ದುಬಂದು, ವೈದ್ಯರ ಸಾಕ್ಷಿ ಮುಗಿದ ಮೇಲಿನ ಅದಾಲತ್‌ನಲ್ಲಿ ಒಪ್ಪಿಕೊಂಡೆ. ಪೂರ್ತಿ ತೀರ್ಪಿಗೆ ಕಾದಿದ್ದರೆ ಇನ್ನಷ್ಟು ಬರುತ್ತಿತ್ತೇನೋ. ಆದರೆ ಮಗಳ ಕಾಲೇಜಿನ ಶುಲ್ಕ ಆ ಜೂನ್ ತಿಂಗಳಲ್ಲೇ ಕಟ್ಟಬೇಕಿತ್ತು.

ಗುದ್ದಿ ಓಡಿಹೋದರೆ

ಬೆಂಗಳೂರು–ಹೈದರಾಬಾದ್ ಹೆದ್ದಾರಿ, ಅಂದರೆ ರಾಷ್ಟ್ರೀಯ ಹೆದ್ದಾರಿ 44, ನಮ್ಮ ಜಿಲ್ಲೆಯನ್ನು ಉದ್ದಕ್ಕೂ ಸೀಳಿಕೊಂಡು ಬಾಗೇಪಲ್ಲಿ ದಾಟಿ ಆಂಧ್ರಕ್ಕೆ ಹೋಗುತ್ತದೆ. ನಸುಕಿನಲ್ಲಿ ಗುದ್ದಿದ ಗಾಡಿ ನಿಲ್ಲದೆ ಹೋದರೆ ನಂಬರ್ ನೋಡುವವರೇ ಇರುವುದಿಲ್ಲ. ಪೊಲೀಸರು ಹುಡುಕಿ, ಸಿಗದೆ, ಕೊನೆಗೆ ಗಾಡಿ ಪತ್ತೆಯಾಗಲಿಲ್ಲ ಎಂಬ ‘ಸಿ’ ವರದಿ ಹಾಕುತ್ತಾರೆ. ಆಗ ಎಂ.ವಿ.ಸಿ.ಯೂ ಇಲ್ಲ, 164ರ ಹಣವೂ ಇಲ್ಲ. ಉಳಿಯುವುದು 161ನೇ ಕಲಮಿನ ಹಿಟ್ ಅಂಡ್ ರನ್ ಪರಿಹಾರ: ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ. 2022ಕ್ಕೆ ಮೊದಲು ಇದು ಹನ್ನೆರಡೂವರೆ ಸಾವಿರ ಮತ್ತು ಇಪ್ಪತ್ತೈದು ಸಾವಿರ ಇತ್ತು ಎಂದರೆ ಈಗಿನವರು ನಂಬುವುದಿಲ್ಲ.

ಇದಕ್ಕೆ ನ್ಯಾಯಾಲಯಕ್ಕೆ ಹೋಗಬೇಕಿಲ್ಲ. ಅಪಘಾತವಾದ ಜಾಗದ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡುವುದು, ಎಫ್‌ಐಆರ್, ಗಾಯದ ಪ್ರಮಾಣಪತ್ರ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಲಗತ್ತಿಸುವುದು. ವಿಚಾರಣೆಯ ವರದಿ ಜಿಲ್ಲಾಧಿಕಾರಿಗಳಿಗೆ ಹೋಗಿ ಅವರು ಮಂಜೂರು ಮಾಡುತ್ತಾರೆ. ಈ ಬಾಗಿಲು ಮತ್ತೊಂದನ್ನು ಮುಚ್ಚುವುದಿಲ್ಲ. ಮುಂದೆ ಗಾಡಿ ಪತ್ತೆಯಾದರೆ ಹೆಚ್ಚಿನ ಪರಿಹಾರ ಕೇಳಬಹುದು, ಆಗ ಈ ಹಣವನ್ನು ಅದರಲ್ಲಿ ಹೊಂದಿಸುತ್ತಾರೆ. ಆದ್ದರಿಂದ ಪೆಟ್ರೋಲ್ ಬಂಕು, ಟೋಲ್, ಹೋಟೆಲುಗಳ ಕ್ಯಾಮೆರಾ ದೃಶ್ಯಗಳನ್ನು ಪೊಲೀಸರ ಮೂಲಕ ಬೇಗ ತೆಗೆಸಿ. ಅವು ಕೆಲವೇ ದಿನಗಳಲ್ಲಿ ತಾವಾಗಿಯೇ ಅಳಿಸಿಹೋಗುತ್ತವೆ.

ಇಂಥ ಸಂದರ್ಭದಲ್ಲಿ ಮತ್ತೊಂದು ‘ದಾರಿ’ ತೋರಿಸುವವರು ಆಸ್ಪತ್ರೆಯ ಬಾಗಿಲಲ್ಲೇ ಸಿಗುತ್ತಾರೆ. ‘ವಿಮೆ ಇರುವ ಗಾಡಿಯೊಂದನ್ನು ಸೇರಿಸೋಣ, ಅವರಿಗೆ ಇಷ್ಟು, ನಮಗೆ ಇಷ್ಟು.’ ಇದು ಪರಿಹಾರವಲ್ಲ, ವಂಚನೆ. ಕಂಪನಿಗಳು ಹೀಗೆ ತೂರಿಸಿದ ಗಾಡಿಯ ವಾಸನೆಯನ್ನು ಬೇಗ ಹಿಡಿಯುತ್ತವೆ. ಆಗ ನಿಜವಾಗಿ ಗಾಯವಾದವನೇ ಆರೋಪಿಯಾಗುತ್ತಾನೆ, 50 ಸಾವಿರವೂ ಹೋಗುತ್ತದೆ.

ಗಾಡಿ ಸಿಕ್ಕಿತು, ಆದರೆ ವಿಮೆಯೇ ಇಲ್ಲ ಎಂಬ ಸ್ಥಿತಿಯೂ ಇದೆ. ಆಗ ಮಾಲೀಕನೇ ಕೊಡಬೇಕು. ಅಂಥ ವಾಹನವನ್ನು ಸಾಕಷ್ಟು ಭದ್ರತೆ ಪಡೆಯದೆ ಬಿಡಬಾರದೆಂದು ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ಗಾಡಿ ಬಿಡಿಸಿಕೊಳ್ಳಲು ಮಾಲೀಕ ಅರ್ಜಿ ಹಾಕುವ ಹೊತ್ತಿಗೇ ನಿಮ್ಮ ವಕೀಲರು ತಕರಾರು ಹಾಕಬೇಕು. ಗಾಡಿ ಕೈಬಿಟ್ಟ ಮೇಲೆ ಬಡ ಮಾಲೀಕನಿಂದ ಡಿಕ್ರಿ ಹಣ ವಸೂಲು ಮಾಡುವುದು ಬಾವಿಯಿಂದ ಜರಡಿಯಲ್ಲಿ ನೀರು ಸೇದಿದಂತೆ. ವಿಮೆ ಇದ್ದು, ಚಾಲಕನಿಗೆ ಸರಿಯಾದ ಲೈಸೆನ್ಸು ಇರಲಿಲ್ಲ ಎಂದರೆ ಅಷ್ಟು ಹೆದರಬೇಕಾಗಿಲ್ಲ. ಅಂಥ ಕೇಸುಗಳಲ್ಲಿ ಕಂಪನಿ ಮೊದಲು ನಿಮಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ಆದೇಶಗಳೇ ಹೆಚ್ಚು.

ಪಕ್ಕದಲ್ಲೇ ನಡೆಯುವ ಸಣ್ಣ ಹಣಗಳು

ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿ ಮಾಡಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿವರೆಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗುತ್ತದೆ. ದಾಖಲಾಗುವಾಗಲೇ ಕೇಳಿ, ಬಿಲ್ಲು ಕಟ್ಟಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ನಿಮಗಿದೆಯೇ ಎಂದು ಪಾಸ್‌ಬುಕ್ ತಿರುವಿ ನೋಡಿ. ಸಾವಿಗೆ ಅಥವಾ ಸಂಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಶಾಶ್ವತವಾಗಿ ಹೋದರೆ 1 ಲಕ್ಷ. ನನ್ನಂಥ ಮುರಿದ ಮಣಿಕಟ್ಟಿಗೆ ಏನೂ ಇಲ್ಲ. ಇದು ನಿಮ್ಮ ಕಂತಿನ ಹಣಕ್ಕೆ ಬರುವ ವಿಮೆ, ಇದನ್ನು ಪಡೆದರೆ ಎಂ.ವಿ.ಸಿ.ಗೆ ಅಡ್ಡಿಯಿಲ್ಲ.

ಎಲ್ಲಿ, ಎಷ್ಟು ದಿನದೊಳಗೆ, ಯಾರ ಕೈಯಲ್ಲಿ

ಭಾನುವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಬೆಂಗಳೂರಿನಿಂದ ಸೈಕಲ್ ತುಳಿದು ಬರುವವರು ನಮ್ಮಲ್ಲಿ ಬಿದ್ದರೆ ಚಿಕ್ಕಬಳ್ಳಾಪುರಕ್ಕೇ ವಾಯಿದೆಗೆ ಬರಬೇಕಿಲ್ಲ. ಅಪಘಾತವಾದ ಊರು, ನೀವು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರು, ಎದುರುದಾರರ ಊರು, ಇವುಗಳಲ್ಲಿ ಯಾವ ನ್ಯಾಯಮಂಡಳಿಯನ್ನಾದರೂ ಆರಿಸಬಹುದು. ಗುದ್ದಿದ್ದು ಆಂಧ್ರದ ಲಾರಿಯಾದರೂ ಅಷ್ಟೇ, ಹಿಂದೂಪುರಕ್ಕೋ ಅನಂತಪುರಕ್ಕೋ ಓಡಬೇಕಿಲ್ಲ. ಕೆ.ಎಸ್.ಆರ್.ಟಿ.ಸಿ. ಬಸ್ಸಾದರೆ ನಿಗಮವನ್ನೇ ಎದುರುದಾರನನ್ನಾಗಿ ಮಾಡುತ್ತಾರೆ.

ಎಂ.ವಿ.ಸಿ. ಅರ್ಜಿ ಹಾಕುವ ಅವಧಿ ಅಪಘಾತದ ದಿನದಿಂದ ಆರು ತಿಂಗಳು. ಈ ಗಡುವು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾಗಿದೆ. ತಡವೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಆಗಿದೆ. ಮಧ್ಯಂತರ ಆದೇಶವನ್ನು ನೆಚ್ಚಿಕೊಂಡು ಏಳನೇ ತಿಂಗಳಿಗೆ ಬರಬೇಡಿ. ಪ್ಲಾಸ್ಟರ್ ಬಿಚ್ಚುವುದನ್ನು ಕಾಯದೆ ಅರ್ಜಿ ಹಾಕಬಹುದು, ನ್ಯೂನತೆಯ ಅಳತೆ ಆಮೇಲೆ ಬರುತ್ತದೆ.

ವಕೀಲರ ಶುಲ್ಕದ ಬಗ್ಗೆ ನಾನು ಮಾತನಾಡಿದರೆ ಬೆಂಚಿನ ಮೇಲೆ ಕೂರುವವರು ಕಡಿಮೆಯಾಗುತ್ತಾರೆ, ಆದರೂ ಹೇಳುತ್ತೇನೆ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ಮಾತಾಡುವುದಕ್ಕೆ ವಕೀಲರ ಪರಿಷತ್ತಿನ ನಿಯಮದಲ್ಲಿ ಅವಕಾಶವಿಲ್ಲ. ಶುಲ್ಕವನ್ನು ಮೊದಲೇ ಮೊತ್ತವಾಗಿ ಮಾತಾಡಿಕೊಳ್ಳಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಮತ್ತು ಕಡಿಮೆ ವರಮಾನದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಅದರ ಕಚೇರಿ ನ್ಯಾಯಾಲಯದ ಆವರಣದಲ್ಲೇ ಇದ್ದರೂ ಹುಡುಕಿಕೊಂಡು ಹೋಗುವವರು ಕಡಿಮೆ.

ಕೊನೆಯದಾಗಿ ಸೈಕಲ್ಲು. ಅದನ್ನು ಎತ್ತಿಕೊಂಡು ಹೋಗಿ ಮರುದಿನವೇ ರಿಪೇರಿ ಮಾಡಿಸಬೇಡಿ. ಎಲ್ಲಿ ತಗುಲಿತು, ಯಾವ ಕಡೆಯಿಂದ ತಗುಲಿತು ಎಂಬುದನ್ನು ಹೇಳಲು ಬಾಗಿದ ಹ್ಯಾಂಡಲ್ಲಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಮಹಜರಿನಲ್ಲಿ ಅದನ್ನು ಬರೆಸಿ, ನಾಲ್ಕು ಕಡೆಯಿಂದ ಫೋಟೋ ತೆಗೆದಿಡಿ. ಆಸ್ತಿಯ ನಷ್ಟವನ್ನೂ ಎಂ.ವಿ.ಸಿ.ಯಲ್ಲಿ ಕೇಳಬಹುದು. ನನ್ನ ತಮ್ಮ, ಅಣ್ಣನಿಗೆ ಸಂತೋಷವಾಗಲಿ ಎಂದು, ನಾನು ಆಸ್ಪತ್ರೆಯಲ್ಲಿದ್ದಾಗಲೇ ಹೊಸ ರಿಮ್ಮು, ಹೊಸ ಹ್ಯಾಂಡಲ್ ಹಾಕಿಸಿ, ಹಳೆಯದನ್ನು ಗುಜರಿಗೆ ಕೊಟ್ಟು, ಬಿಲ್ಲು ಕೂಡ ತೆಗೆದುಕೊಳ್ಳದೆ ಬಂದಿದ್ದ. ಆ ಒಂದು ಸಾವಿರದ ಎಂಟುನೂರು ರೂಪಾಯಿ ಮಾತ್ರ ನನಗೆ ಯಾವ ಕಲಮಿನಲ್ಲೂ ಸಿಗಲಿಲ್ಲ.